ಮೊದಲ ಕೊಡ

ಚೌಬಾರಾದ ಹಿಂದ, ಮೂರನೇ ಮಾಳಿಗಿ ಮ್ಯಾಲ ನಮ್ಮ ಟವರು.
ಕೆಳಗ ಸಿಮ್ ಮಾರೋ ಕೌಂಟರು, ನಡುವ ನನ್ನ ಖೋಲಿ.
ನಾಕೂ ದಾರಿ ಕಾಯ್ಲಿಕ್ಕಂತ ಹಿಂದಿನವರು ಕಟ್ಟಿದ ದುಂಡನ ಬುರುಜು,
ಸಂಜಿಗಿ ಅದರ ನೆರಳು ನಮ್ಮ ಗ್ವಾಡಿಗಿ ಹತ್ತತದ.
ಅದರ ಕಾವಲುಗಾರಗ ಕಣ್ಣಿದ್ವು.
ನನಗ ಒಂದು ಪರದೆ, ಒಂದು ಕುರ್ಚಿ,
ರಾತ್ರಿ ಪಾಳಿ.

ಗಾಳಿ ಎಲ್ಲಾರದು ಅಂತಾರ. ಇರಬಹುದು.
ಈ ಟವರಿನ ಗಾಳಿ ಮಾತ್ರ ಅಳತಿದು,
ಇಷ್ಟು ಮಂದಿಗಿ ಇಷ್ಟೇ.
ನಮ್ಮ ಓಣಿ ನಳ ನೆನಪಾಗ್ತದ:
ಎರಡು ದಿನಕ್ಕೊಮ್ಮಿ ನೀರು, ನಲವತ್ತು ಕೊಡ, ಮುಗಿಯದ ಬೈಗುಳ.
ಆದರೂ ಬಾಣಂತಿ ಮನಿ ಕೊಡ ಬಂತಂದ್ರ
ಲಲಿತಾಬಾಯಿಯಂಥ ಜಗಳಗಂಟಿನೂ
ತನ್ನ ಕೊಡ ಕಾಲಿಲೆ ಹಿಂದ ಸರಿಸ್ತಿದ್ದಳು.
ಯಾರೂ ಹೇಳಿದ್ದಿಲ್ಲ.
ಮುಖ ನೋಡಿದ್ರ ತಿಳೀತಿತ್ತು.

ಯಂತ್ರಕ್ಕ ಮುಖ ತಿಳಿಯಂಗಿಲ್ಲ.
ಅದಕ್ಕ ಅಂಕಿ ಹಾಕಿ ಕೊಡಬೇಕು:
ಬೆಂಕಿ ಆರಿಸೋರ ಸಿಮ್ಮು, ಆಂಬುಲೆನ್ಸಿನವರದು, ಪೊಲೀಸರದು,
ಇವು ಬಂದಾಗ ಉಳಿದವರು ಜರಾ ನಿಲ್ಲಬೇಕು.
ಆ ಅಂಕಿ ಹಾಕಿದಾಂವ ನಾನೇ.
ಒಂದು ಮಂಗಳವಾರ, ಊಟಕ್ಕಿಂತ ಮೊದಲು;
ಡಬ್ಬಿಯಾಗಿನ ರೊಟ್ಟಿ ಇನ್ನೂ ಬಿಸಿ ಇದ್ವು.

ಫೈನಲ್ ಮ್ಯಾಚಿನ ರಾತ್ರಿ. ಹತ್ತೊಂಬತ್ತನೇ ಓವರು.
ಇಡೀ ಬೀದರ ತನ್ನ ಅಂಗೈ ನೋಡ್ಲತ್ತಿತ್ತು.
ಆಗ ಗಂಜಿನ ಕಡಿಂದ ಹೊಗಿ.
ಗಾದಿ ಹೊಲಿಯೋರ ಹತ್ತಿ ಗೋದಾಮು, ಅದರ ಮ್ಯಾಲ ಎರಡು ಸಂಸಾರ.
ಘಾಳೆಪ್ಪನ ಹೆಲ್ಮೆಟ್ಟಿನಾಗಿನ ಕ್ಯಾಮೆರಾ ಕಣ್ಣು ಬಿಡ್ತು.
ನನ್ನ ಪರದೆ ಮ್ಯಾಲ ಒಂದು ಗೆರಿ ಎದ್ದು ನಿಂತಿತು,
ಉಳಿದ ಗೆರಿ ಎಲ್ಲಾ ತಲಿ ಬಗ್ಗಿಸಿದ್ವು.

ಚೆಂಡು ಗಾಳಿಯೊಳಗ ನಿಂತುಬಿಡ್ತು.
ಪಾನ್ ಡಬ್ಬಿ ಮುಂದ ಒಬ್ಬಾಂವ
ಫೋನು ಮೋಡಕ್ಕ ಎತ್ತಿ ಹಿಡಿದ, ನೀರು ಬೇಡಿದಂಗ.
ಬೈದರು, ಕನ್ನಡದಾಗ, ದಖನಿಯಾಗ, ಮರಾಠಿಯಾಗ,
ಕಂಪನಿಗಿ, ಕಂಪನಿ ಹಡದಾಕಿಗಿ.
ಯಾವುದೋ ಮನಿಯಾಗ
"ನಾ ನಿನಗ ಒಂದು ಮಾತು" ಅಂದಾಕಿ ಬಾಯಿ ತೆರದೇ ಉಳೀತು.
ಆ ಮಾತಿನ ಜಾಗದಾಗ ಒಂದು ಬಿಳಿ ಚಕ್ರ
ತಿರುಗೇ ತಿರುಗ್ಲತ್ತಿತ್ತು.

ಇತ್ತ ಹೊಗಿ ತುಂಬಿದ ಮೆಟ್ಟಿಲು.
ಕಂಟ್ರೋಲ್ ರೂಮಿನಾಗ ಕುಂತು ಚಿತ್ರ ನೋಡಿ
ಇಂದುಮತಿ ಮೇಡಂ ಹೇಳ್ಲತ್ತಿದ್ರು:
ಮುಂದ ಗ್ವಾಡಿ ಅದ. ಎಡಕ್ಕ. ಇನ್ನೂ ಎಡಕ್ಕ.
ಮ್ಯಾಲ, ಕಿಟಕಿ ಕಡಿ, ಬೆಳಕು ಏನದು?

ಅದು ಒಂದು ಫೋನಿನ ಬೆಳಕು.

ಫರ್ಜಾನಾ, ಹದಿನಾರು ವರ್ಷದಾಕಿ,
ತಮ್ಮನ್ನ ಕಂಕುಳಾಗ ಒತ್ತಿಕೊಂಡು
ಅಣ್ಣಗ ಫೋನ್ ಹಚ್ಚಲತ್ತಿದ್ದಳು. ಒಂಬತ್ತು ಸಲ.
ನೂರಾ ಹನ್ನೆರಡು ಒತ್ತಿದ್ರ ಅಕಿಗಿ ದಾರಿ ಇತ್ತು,
ಅದಕ್ಕೂ ಅಂಕಿ ಹಾಕಿದ್ದೆ ನಾ.
ಆದರ ಹೊಗಿಯಾಗ ಮನಶಾ ಯಾವ ನಂಬರ್ ಒತ್ತತಾನ?
ಬಾಯಿಪಾಠ ಇದ್ದದ್ದು.
ಅಣ್ಣನ ನಂಬರು, ನನ್ನ ಲೆಕ್ಕದಾಗ,
ಮ್ಯಾಚ್ ನೋಡೋರ ಸಾಲಿನಾಗಿತ್ತು.

ಸಿಕ್ಕರು, ಇಬ್ಬರೂ.
ಆ ಬೆಳಕು ಹಿಡಕೊಂಡೇ ಹೋದ ಘಾಳೆಪ್ಪ.
ಅಕಿ ಕೈಯಿಂದ ಕಸಗೊಂಡ ಗಾಳಿಯೊಳಗೇ
ಅಕಿ ಚಿತ್ರ ಹಾದು ಬಂತು.
ಇದಕ್ಕ ನ್ಯಾಯ ಅನಬೇಕೋ, ನಸೀಬ ಅನಬೇಕೋ
ಪರದೆ ಹೇಳಲಿಲ್ಲ. ಗೆರಿ ಸಮ ಆದ್ವು, ಅಷ್ಟೇ.
ಹನ್ನೊಂದು ನಿಮಿಷದ ಮ್ಯಾಲ ಚೆಂಡು ಕೆಳಗಿಳೀತು.
ಓಣಿ ತುಂಬ ಪಟಾಕಿ. ಆಗ ತಿಳೀತು
ಗೆದ್ದೀವಂತ.

ಮುಂದಿನ ವಾರ ಕೌಂಟರಿಗಿ ಬಂದಳು,
ಮುಂಗೈಗಿ ಪಟ್ಟಿ, ಹಿಂದ ಅಣ್ಣ.
"ಅಂಕಲ್, ಅವತ್ತು ನನ್ನ ಫೋನ್ ಯಾಕ ಹತ್ತಲಿಲ್ಲ?
ನಾಕು ಕಡ್ಡಿ ಇದ್ವು. ನಾ ಎಣಿಸೀನಿ."

ನಳದ ಕತಿ ಹೇಳಬೇಕಂತ ಬಾಯಿ ತೆರದೆ.
ಕೊಡ ಸರಿಸೋರಿಗಿ
ಯಾರ ಸಲುವಾಗಿ ಸರಿಸ್ತೀವಿ ಅನ್ನೋದು ಕಾಣ್ತಿತ್ತಲ್ಲ.
ಇಕಿ ಕೊಡ ನಾ ಸರಿಸಿದ್ದೆ, ಇಕಿಗಿ ಹೇಳದ.
ಸಿಮ್ ಹಳೇದಾಗ್ಯಾದವ್ವ, ಅಂದೆ.
ಹೊಸದು ಹಾಕಿ ಕೊಟ್ಟೆ.
ರೊಕ್ಕ ತಗೊಳ್ಳಲಿಲ್ಲ.